ನರದ ಕರೆಂಟು: ಹೆಜ್ಜೆಹೆಜ್ಜೆಗೂ ಹೊಸದಾಗಿ ಹುಟ್ಟುವ ಸಂಕೇತ

ಪ್ರಶ್ನೆ: ಹೋದ ತಿಂಗಳು ಕೆಳದವಡೆಯ ಹಲ್ಲಿಗೆ ರೂಟ್ ಕೆನಾಲ್ ಮಾಡಿಸಿಕೊಂಡೆ. ಇಂಜೆಕ್ಷನ್ ಕೊಟ್ಟ ಸ್ವಲ್ಪ ಹೊತ್ತಿಗೆ ತುಟಿ ದಪ್ಪಗಾದ ಹಾಗೆ ಅನಿಸಿತು. ಹಲ್ಲು ಕೊರೆಯುವಾಗ ಒತ್ತುವುದು, ಅದುರುವುದು ಎಲ್ಲ ಗೊತ್ತಾಗುತ್ತಿತ್ತು, ನೋವು ಮಾತ್ರ ಇರಲಿಲ್ಲ. ನರದಲ್ಲಿ ಓಡುವುದು ಕರೆಂಟು ಅಂತಾರೆ. ಹಾಗಾದರೆ ಒಂದು ಔಷಧಿ ಕರೆಂಟನ್ನು ತಡೆಯುವುದು ಹೇಗೆ? ಕರೆಂಟು ಅಂದಮೇಲೆ ತಕ್ಷಣ ತಲುಪಬೇಕು ಅಲ್ವಾ? ಮಂಚದ ಕಾಲಿಗೆ ಕಾಲ್ಬೆರಳು ಬಡಿದಾಗ ಜೋರು ನೋವು ಒಂದು ಗಳಿಗೆ ತಡವಾಗಿ ಬರುವುದು ಯಾಕೆ? ಇನ್ನೊಂದು ವಿಷಯ. ಅಮ್ಮನಿಗೆ ಸಕ್ಕರೆ ಕಾಯಿಲೆ ಇದೆ, ರಾತ್ರಿ ಪಾದ ಉರಿಯುತ್ತದೆ. ನರದ ಪರೀಕ್ಷೆ ಮಾಡಿಸಿದೆವು, ರಿಪೋರ್ಟ್ ನಾರ್ಮಲ್ ಬಂದಿದೆ. ಹಾಗಿದ್ದರೆ ಉರಿ ಎಲ್ಲಿಂದ ಬರುತ್ತಿದೆ?

ಉತ್ತರ: ನಿಮ್ಮ ಮೂರೂ ಪ್ರಶ್ನೆಗಳ ಬೇರು ಒಂದೇ. ನರದಲ್ಲಿ ಕರೆಂಟು ಇರುವುದು ನಿಜ. ಆದರೆ ಅದು ಒಂದು ತುದಿಯಲ್ಲಿ ಹೊರಟು ಇನ್ನೊಂದು ತುದಿಯವರೆಗೆ ಹರಿದುಹೋಗುವ ಕರೆಂಟಲ್ಲ. ದಾರಿಯುದ್ದಕ್ಕೂ ಹೊಸದಾಗಿ ಹುಟ್ಟುತ್ತಾ ಹೋಗುತ್ತದೆ. ಒಂದು ಜಾಗದಲ್ಲಿ ಹುಟ್ಟಿದ್ದು ಪಕ್ಕದ ಜಾಗವನ್ನು ಎಬ್ಬಿಸುತ್ತದೆ, ಅದು ತನ್ನ ಪಕ್ಕದ್ದನ್ನು. ಇಷ್ಟನ್ನು ಹಿಡಿದುಕೊಂಡರೆ ಇಂಜೆಕ್ಷನ್ನು, ತಡವಾಗಿ ಬರುವ ನೋವು, ನಾರ್ಮಲ್ ಬಂದ ರಿಪೋರ್ಟು ಮೂರೂ ಬಿಡಿಸಿಕೊಳ್ಳುತ್ತವೆ.

ಮನೆಯ ವೈರಿನಲ್ಲಿ ಚಲಿಸುವುದು ಎಲೆಕ್ಟ್ರಾನುಗಳು. ನರದಲ್ಲಿ ಚಲಿಸುವುದು ಚಾರ್ಜ್ ಹೊತ್ತ ಉಪ್ಪಿನ ಕಣಗಳು, ಮುಖ್ಯವಾಗಿ ಸೋಡಿಯಂ ಮತ್ತು ಪೊಟ್ಯಾಸಿಯಂ. ಅವು ನರದ ಉದ್ದಕ್ಕೆ ಓಡುವುದಕ್ಕಿಂತ ಹೆಚ್ಚಾಗಿ ಅದರ ಪೊರೆಯನ್ನು ಅಡ್ಡ ದಾಟುತ್ತವೆ, ಹೊರಗಿನಿಂದ ಒಳಗೆ, ಒಳಗಿನಿಂದ ಹೊರಗೆ. ನಾವು ನರ ಅಂತ ಕರೆಯುವುದು ಸಾವಿರಾರು ಎಳೆಗಳ ಕಟ್ಟು. ಒಂದೊಂದು ಎಳೆಯೂ ಒಂದೊಂದು ನರಕೋಶದ್ದು, ಅದಕ್ಕೆ ಆಕ್ಸಾನ್ ಅನ್ನುತ್ತೇವೆ. ಸೊಂಟದ ಹತ್ತಿರದಿಂದ ಪಾದದವರೆಗೆ ಹೋಗುವ ಎಳೆ ಸುಮಾರು ಒಂದು ಮೀಟರ್ ಉದ್ದ ಇರುತ್ತದೆ, ಅಷ್ಟೂ ಒಂದೇ ಕೋಶ.

ಅಮ್ಮನ ರಕ್ತ ಪರೀಕ್ಷೆಯ ರಿಪೋರ್ಟ್ ಮನೆಯಲ್ಲಿದ್ದರೆ ತೆಗೆದು ನೋಡಿ. ಸೋಡಿಯಂ 135ರಿಂದ 145, ಪೊಟ್ಯಾಸಿಯಂ 3.5ರಿಂದ 5 ಇದ್ದರೆ ನಾರ್ಮಲ್ ಅಂತ ಬರೆದಿರುತ್ತಾರೆ. ಒಂದು ಲೀಟರಿಗೆ ಅಷ್ಟು ಮಿಲಿಮೋಲ್ ಎಂದರ್ಥ. ಇದು ಕೋಶದ ಹೊರಗಿನ ಲೆಕ್ಕ. ಕೋಶದ ಒಳಗೆ ಎಲ್ಲ ತಿರುವುಮುರುವು. ಅಲ್ಲಿ ಪೊಟ್ಯಾಸಿಯಂ ಸುಮಾರು 140, ಸೋಡಿಯಂ 10ರಿಂದ 15 ಮಾತ್ರ. ಈ ವ್ಯತ್ಯಾಸ ಸುಮ್ನೆ ಬಂದದ್ದಲ್ಲ. ಪೊರೆಯಲ್ಲಿ ಕೂತ ಒಂದು ಪ್ರೋಟೀನ್ ಹಗಲೂ ರಾತ್ರಿ ಮೂರು ಸೋಡಿಯಂ ಕಣಗಳನ್ನು ಹೊರಗೆ ಹಾಕಿ ಎರಡು ಪೊಟ್ಯಾಸಿಯಂ ಕಣಗಳನ್ನು ಒಳಗೆ ತರುತ್ತಿರುತ್ತದೆ. ಇದೇ ಸೋಡಿಯಂ-ಪೊಟ್ಯಾಸಿಯಂ ಪಂಪು. ಡೆನ್ಮಾರ್ಕಿನ ಯೆನ್ಸ್ ಸ್ಕೌ 1957ರಲ್ಲಿ ಏಡಿಯ ನರದಲ್ಲಿ ಇದನ್ನು ಕಂಡುಹಿಡಿದರು. ಅದಕ್ಕೆ ನೊಬೆಲ್ ಸಿಕ್ಕಿದ್ದು 40 ವರ್ಷ ಕಳೆದ ಮೇಲೆ, 1997ರಲ್ಲಿ. ನಮ್ಮ ಮಿದುಳು ದೇಹದ ತೂಕದಲ್ಲಿ ನೂರಕ್ಕೆ ಎರಡು ಪಾಲು ಮಾತ್ರ, ಆದರೆ ವಿಶ್ರಾಂತಿಯಲ್ಲಿದ್ದಾಗಲೂ ದೇಹದ ಶಕ್ತಿಯಲ್ಲಿ ಸುಮಾರು 20 ಪಾಲನ್ನು ಅದೇ ಬಳಸುತ್ತದೆ. ಅದರಲ್ಲಿ ದೊಡ್ಡ ಭಾಗ ಹೋಗುವುದು ಈ ಪಂಪಿಗೆ.

ಇನ್ನು ವೋಲ್ಟೇಜ್. ಪೊರೆಯಲ್ಲಿ ಪೊಟ್ಯಾಸಿಯಂಗೆ ಮಾತ್ರ ದಾರಿ ಬಿಡುವ, ಸದಾ ತೆರೆದೇ ಇರುವ, ಪ್ರೋಟೀನಿನಿಂದಾದ ಕೆಲವು ಸಣ್ಣ ಕೊಳವೆಗಳು, ಅಂದರೆ ಚಾನೆಲ್‌ಗಳಿವೆ. ಒಳಗೆ ಜಾಸ್ತಿ ಇರುವ ಪೊಟ್ಯಾಸಿಯಂ ಅಲ್ಲಿಂದ ಹೊರಗೆ ಸೋರುತ್ತದೆ. ಹೋಗುವ ಒಂದೊಂದು ಕಣವೂ ಒಂದು ಧನ ಚಾರ್ಜನ್ನು ಹೊತ್ತೊಯ್ಯುತ್ತದೆ, ಒಳಗೆ ಋಣ ಉಳಿಯುತ್ತದೆ. ಆ ಋಣವೇ ಪೊಟ್ಯಾಸಿಯಂ ಅನ್ನು ಮತ್ತೆ ಒಳಕ್ಕೆ ಎಳೆಯತೊಡಗುತ್ತದೆ. ಸೋರುವುದೂ ಎಳೆಯುವುದೂ ಹೆಚ್ಚುಕಡಿಮೆ ಸಮ ಆದಾಗ ಒಳಗಿನ ವೋಲ್ಟೇಜ್ ಹೊರಗಿಗಿಂತ ಸುಮಾರು 70 ಮಿಲಿವೋಲ್ಟ್ ಕೆಳಗಿರುತ್ತದೆ. ಟಾರ್ಚಿನ ಸೆಲ್ಲಿನ ಇಪ್ಪತ್ತರಲ್ಲಿ ಒಂದು ಪಾಲು, ಇಷ್ಟೇನಾ ಅನಿಸಬಹುದು. ಆದರೆ ಪೊರೆಯ ದಪ್ಪ ನೋಡಿ. ಒಂದು ಮಿಲಿಮೀಟರನ್ನು ಒಂದೂವರೆ ಲಕ್ಷ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲಿನಷ್ಟು. ಅಷ್ಟು ತೆಳುವಿನಲ್ಲಿ 70 ಮಿಲಿವೋಲ್ಟ್ ಅಂದರೆ ಮೀಟರಿಗೆ ಸುಮಾರು ಒಂದು ಕೋಟಿ ವೋಲ್ಟ್ ಲೆಕ್ಕ. ಗಾಳಿಯಲ್ಲಿ ಕಿಡಿ ಹಾರಲು ಮೀಟರಿಗೆ 30 ಲಕ್ಷ ವೋಲ್ಟ್ ಸಾಕು. ನಮ್ಮ ಒಂದೊಂದು ನರಕೋಶವೂ ಅದರ ಮೂರು ಪಟ್ಟು ಬಿಗಿಯನ್ನು ಹುಟ್ಟಿನಿಂದ ಕೊನೆಯವರೆಗೆ ಹಿಡಿದುಕೊಂಡಿರುತ್ತದೆ. ಪಾಠ ಮಾಡುವಾಗ ಈ ಅಂಕಿಗೆ ಬಂದಾಗೆಲ್ಲ ನನಗೆ ಈಗಲೂ ಬೆರಗಾಗುತ್ತದೆ.

ಕಿಡ್ನಿ ಕೆಟ್ಟವರಿಗೆ ಎಳನೀರು ಕುಡಿಯಬೇಡಿ ಅಂತ ಡಾಕ್ಟರು ಹೇಳುವುದನ್ನು ಕೇಳಿರುತ್ತೀರಿ. ಕಾರಣ ಇಲ್ಲೇ ಇದೆ. ಎಳನೀರಿನಲ್ಲಿ ಪೊಟ್ಯಾಸಿಯಂ ಜಾಸ್ತಿ, ಕೆಟ್ಟ ಕಿಡ್ನಿ ಅದನ್ನು ಹೊರಹಾಕಲಾರದು. ಹೊರಗಿನ 5 ಏರಿ 7 ಆದರೆ ಒಳಗಿನ ಪೊಟ್ಯಾಸಿಯಂ ಹಿಂದಿನಷ್ಟು ಸೋರುವುದಿಲ್ಲ, ಈ 70 ಮಿಲಿವೋಲ್ಟ್ ಲೆಕ್ಕ ತಪ್ಪುತ್ತದೆ, ಹೃದಯದ ಬಡಿತವೇ ತಾಳ ತಪ್ಪಬಹುದು.

ಈಗ ಸಂಕೇತಕ್ಕೆ ಬರೋಣ. ಪೊರೆಯಲ್ಲಿ ಸೋಡಿಯಂ ಚಾನೆಲ್‌ಗಳೂ ಇವೆ. ಅವಕ್ಕೆ ಬಾಗಿಲು ಇದೆ, ಸಾಮಾನ್ಯವಾಗಿ ಮುಚ್ಚಿರುತ್ತದೆ. ಆ ಪ್ರೋಟೀನಿನ ಒಂದು ಭಾಗ ತಾನೇ ಧನ ಚಾರ್ಜ್ ಹೊತ್ತಿದೆ. ಹಾಗಾಗಿ ಪೊರೆಯ ವೋಲ್ಟೇಜ್ ಬದಲಾದರೆ ಅದು ಜಾಗ ಬಿಟ್ಟು ಸರಿಯುತ್ತದೆ, ಬಾಗಿಲು ತೆರೆಯುತ್ತದೆ. ಚುಚ್ಚು, ಬಿಸಿ, ಒತ್ತಡ, ಏನೋ ಒಂದು ಬಂದು ವೋಲ್ಟೇಜನ್ನು ಮೈನಸ್ 70ರಿಂದ ಮೈನಸ್ 55ರ ಹತ್ತಿರಕ್ಕೆ ತಂದರೆ ಸಾಕು. ಕೆಲವು ಬಾಗಿಲು ತೆರೆಯುತ್ತವೆ, ಸೋಡಿಯಂ ಒಳಗೆ ನುಗ್ಗುತ್ತದೆ, ವೋಲ್ಟೇಜ್ ಇನ್ನಷ್ಟು ಏರುತ್ತದೆ, ಅದರಿಂದ ಮತ್ತಷ್ಟು ಬಾಗಿಲು ತೆರೆಯುತ್ತವೆ. ಸೆಕೆಂಡಿನ ಸಾವಿರದಲ್ಲಿ ಒಂದು ಭಾಗದೊಳಗೆ ಒಳಗಿನ ವೋಲ್ಟೇಜ್ ಪ್ಲಸ್ 30, 40ಕ್ಕೆ ಹಾರುತ್ತದೆ. ತೆರೆದ ಸೋಡಿಯಂ ಬಾಗಿಲು ಅಷ್ಟರಲ್ಲೇ ತಾನಾಗಿ ಅಡೆದುಕೊಳ್ಳುತ್ತದೆ. ಬಾಗಿಲುಳ್ಳ ಇನ್ನೊಂದು ಬಗೆಯ ಪೊಟ್ಯಾಸಿಯಂ ಚಾನೆಲ್ ಸ್ವಲ್ಪ ತಡವಾಗಿ ತೆರೆಯುತ್ತದೆ, ಪೊಟ್ಯಾಸಿಯಂ ಹೊರಗೆ ಹೋಗಿ ವೋಲ್ಟೇಜ್ ಹಳೆಯ ಮಟ್ಟಕ್ಕೆ ಇಳಿಯುತ್ತದೆ. ಇಷ್ಟೇ ಒಂದು ಸಂಕೇತ. ಇದರಲ್ಲಿ ದಾಟುವ ಕಣಗಳು ಎಷ್ಟು ಕಡಿಮೆ ಅಂದರೆ, ಪಂಪನ್ನು ನಿಲ್ಲಿಸಿಬಿಟ್ಟರೂ ದಪ್ಪ ಆಕ್ಸಾನ್ ಸಾವಿರಾರು ಸಲ ಸಂಕೇತ ಕಳಿಸಬಲ್ಲದು.

ದೀಪಾವಳಿಯ ಪಟಾಕಿ ಸರ ನೆನಪಿಸಿಕೊಳ್ಳಿ. ಬತ್ತಿಗೆ ಮುಟ್ಟಿಸಿದ ಊದುಬತ್ತಿಯ ಬೆಂಕಿ ಸರದ ಕೊನೆಯವರೆಗೆ ಹೋಗುವುದಿಲ್ಲ. ಒಂದೊಂದು ಪಟಾಕಿಯೂ ತನ್ನದೇ ಮದ್ದಿನಿಂದ ಸಿಡಿಯುತ್ತದೆ, ಪಕ್ಕದ್ದಕ್ಕೆ ಹತ್ತಿಸುತ್ತದೆ. ಮೊದಲನೆಯದೂ ಕೊನೆಯದೂ ಒಂದೇ ಜೋರಿನಲ್ಲಿ ಸಿಡಿಯುತ್ತವೆ. ನರದ ಸಂಕೇತವೂ ಹಾಗೆಯೇ, ಪಾದದಲ್ಲಿ ಎಷ್ಟು ದೊಡ್ಡದೋ ಸೊಂಟದಲ್ಲೂ ಅಷ್ಟೇ. ಹಿಂದಕ್ಕೂ ತಿರುಗುವುದಿಲ್ಲ, ಯಾಕೆಂದರೆ ಈಗಷ್ಟೇ ಸಿಡಿದ ಜಾಗದ ಸೋಡಿಯಂ ಬಾಗಿಲು ಒಂದು ಕ್ಷಣ ತೆರೆಯಲಾರದು. ವ್ಯತ್ಯಾಸ ಒಂದೇ. ಪಟಾಕಿ ಮುಗಿಯಿತೆಂದರೆ ಮುಗಿಯಿತು. ನರ ಒಂದೆರಡು ಮಿಲಿಸೆಕೆಂಡಿನಲ್ಲಿ ಮತ್ತೆ ಸಿದ್ಧ.

ಸಂಕೇತ ಯಾವಾಗಲೂ ಒಂದೇ ಅಳತೆಯದಾದರೆ ಸಣ್ಣ ನೋವು, ದೊಡ್ಡ ನೋವು ಗೊತ್ತಾಗುವುದು ಹೇಗೆ? ಎಣಿಕೆಯಿಂದ. ಒತ್ತಡ ಹೆಚ್ಚಾದರೆ ಸೆಕೆಂಡಿಗೆ ಬರುವ ಸಂಕೇತಗಳು ಹೆಚ್ಚುತ್ತವೆ, ಎದ್ದುಕೊಳ್ಳುವ ಎಳೆಗಳೂ ಹೆಚ್ಚುತ್ತವೆ. ಕೇಂಬ್ರಿಜ್‌ನ ಎಡ್ಗರ್ ಏಡ್ರಿಯನ್ 1920ರ ದಶಕದಲ್ಲಿ ಇದನ್ನು ತೋರಿಸಿದರು.

ಇದೆಲ್ಲ ಗೊತ್ತಾಗಿದ್ದು ಕೂದಲಿಗಿಂತ ತೆಳುವಾದ ನಮ್ಮ ಎಳೆಗಳಿಂದಲ್ಲ. ಸ್ಕ್ವಿಡ್ ಎಂಬ ಸಮುದ್ರ ಜೀವಿಗೆ ಸುಮಾರು ಅರ್ಧ ಮಿಲಿಮೀಟರಿನಿಂದ ಒಂದು ಮಿಲಿಮೀಟರ್ ದಪ್ಪದ ಆಕ್ಸಾನ್ ಇದೆ. ಅಪಾಯ ಬಂದಾಗ ನೀರನ್ನು ರಭಸವಾಗಿ ಚಿಮ್ಮಿ ಓಡಿಹೋಗಲು ಅದಕ್ಕೆ ಬೇಗ ಸಂಕೇತ ಬೇಕು. 1936ರಲ್ಲಿ ಜೆ. ಝಡ್. ಯಂಗ್ ಇದರ ಕಡೆ ಎಲ್ಲರ ಗಮನ ಸೆಳೆದರು. 1939ರ ಬೇಸಿಗೆಯಲ್ಲಿ ಇಂಗ್ಲೆಂಡಿನ ಪ್ಲಿಮತ್ ಬಂದರಿನ ಪ್ರಯೋಗಾಲಯದಲ್ಲಿ 25ರ ಅಲನ್ ಹಾಡ್ಜ್‌ಕಿನ್, 21ರ ಆಂಡ್ರ್ಯೂ ಹಕ್ಸ್‌ಲಿ ಆ ಆಕ್ಸಾನಿನ ಒಳಗೇ ತೆಳ್ಳಗಿನ ಗಾಜಿನ ಕೊಳವೆಯ ಎಲೆಕ್ಟ್ರೋಡ್ ತೂರಿಸಿದರು. ಅಲ್ಲಿಯವರೆಗಿನ ನಂಬಿಕೆ ಏನೆಂದರೆ, ಸಂಕೇತ ಬಂದಾಗ ಪೊರೆ ಎಲ್ಲ ಕಣಗಳಿಗೂ ದಾರಿ ಬಿಡುತ್ತದೆ, ವೋಲ್ಟೇಜ್ ಸೊನ್ನೆಗೆ ಬರುತ್ತದೆ, ಅಷ್ಟೇ. ಅವರು ಕಂಡದ್ದು ಬೇರೆ. ವೋಲ್ಟೇಜ್ ಸೊನ್ನೆ ದಾಟಿ ಮೇಲಕ್ಕೆ, ಪ್ಲಸ್ ಕಡೆಗೆ ಹೋಯಿತು. ಯಾಕೆಂದು ಹುಡುಕುವಷ್ಟರಲ್ಲಿ ಎರಡನೇ ಮಹಾಯುದ್ಧ ಶುರುವಾಯಿತು, ಇಬ್ಬರೂ ಯುದ್ಧದ ಕೆಲಸಕ್ಕೆ ಹೋದರು. ಯುದ್ಧ ಮುಗಿದ ಮೇಲೆ ಹಾಡ್ಜ್‌ಕಿನ್ ಮತ್ತು ಬರ್ನಾರ್ಡ್ ಕಾಟ್ಜ್ ಸೇರಿ ಹೊರಗಿನ ನೀರಿನಲ್ಲಿ ಸೋಡಿಯಂ ಕಡಿಮೆ ಮಾಡಿ ನೋಡಿದರು. ಸಂಕೇತ ಕುಗ್ಗಿತು. ಹಾಗೆ ಕಾರಣ ಸೋಡಿಯಂ ಎಂದು ಗೊತ್ತಾಯಿತು.

1952ರಲ್ಲಿ ಹಾಡ್ಜ್‌ಕಿನ್ ಮತ್ತು ಹಕ್ಸ್‌ಲಿ ಇಡೀ ಸಂಕೇತವನ್ನು ಗಣಿತದ ಸಮೀಕರಣಗಳಲ್ಲಿ ಬರೆದರು. ಕೇಂಬ್ರಿಜ್‌ನ ಕಂಪ್ಯೂಟರ್ ಆಗ ಕೆಲಸಕ್ಕೆ ಸಿಗಲಿಲ್ಲ. ಹಕ್ಸ್‌ಲಿ ಕೈಯಿಂದ ತಿರುಗಿಸುವ ಲೆಕ್ಕದ ಯಂತ್ರದಲ್ಲಿ ಹೆಜ್ಜೆಹೆಜ್ಜೆಯಾಗಿ ಲೆಕ್ಕ ಹಾಕಿದರು. ಸಂಕೇತ ಸೆಕೆಂಡಿಗೆ 18.8 ಮೀಟರ್ ಓಡಬೇಕು ಅಂತ ಲೆಕ್ಕ ಹೇಳಿತು. ನಿಜವಾದ ಆಕ್ಸಾನಿನಲ್ಲಿ ಅಳೆದದ್ದು 21.2 ಮೀಟರ್. ಪೊರೆಯಲ್ಲಿ ಚಾನೆಲ್ ಎಂಬ ಪ್ರೋಟೀನ್ ಇದೆ ಅಂತ ಆಗ ಯಾರೂ ನೋಡಿರಲಿಲ್ಲ! ಪೊಟ್ಯಾಸಿಯಂ ದಾರಿ ತೆರೆಯಲು ನಾಲ್ಕು ಭಾಗಗಳು ಒಟ್ಟಿಗೆ ಸರಿಯಬೇಕು ಅನ್ನುವ ಹಾಗಿತ್ತು ಅವರ ಸಮೀಕರಣ. ಆ ಚಾನೆಲ್ ನಾಲ್ಕು ತುಂಡು ಸೇರಿ ಆದದ್ದು ಎಂಬುದು ಖಚಿತವಾದದ್ದು 1990ರ ದಶಕದಲ್ಲಿ. ಶರೀರಶಾಸ್ತ್ರದಲ್ಲಿ ಇದಕ್ಕಿಂತ ಸೊಗಸಾದ ಕೆಲಸ ನನಗೆ ಇನ್ನೊಂದು ಗೊತ್ತಿಲ್ಲ. 1963ರಲ್ಲಿ ಇಬ್ಬರಿಗೂ ನೊಬೆಲ್ ಬಂತು.

ಇನ್ನು ನಿಮ್ಮ ಕಾಲ್ಬೆರಳು. ಹೆಜ್ಜೆಹೆಜ್ಜೆಗೂ ಬಾಗಿಲು ತೆರೆದು ಸಾಗಬೇಕಾದರೆ ಹೊತ್ತು ಹಿಡಿಯುತ್ತದೆ. ನರದ ವೇಗ ಅಳೆಯಲು ಆಗದ ಮಾತು ಅಂತ 19ನೇ ಶತಮಾನದಲ್ಲಿ ದೊಡ್ಡ ವಿಜ್ಞಾನಿಗಳೇ ನಂಬಿದ್ದರು. ಜರ್ಮನಿಯ ಹರ್ಮನ್ ಹೆಲ್ಮ್‌ಹೋಲ್ಟ್ಸ್ 1850ರಲ್ಲಿ ಕಪ್ಪೆಯ ನರದಲ್ಲಿ ಅಳೆದೇಬಿಟ್ಟರು. ಸೆಕೆಂಡಿಗೆ ಸುಮಾರು 27 ಮೀಟರ್, ಅಂದರೆ ಗಂಟೆಗೆ ನೂರು ಕಿಲೋಮೀಟರಿಗಿಂತ ಕೊಂಚ ಕಡಿಮೆ.

ನಮ್ಮ ದೇಹದಲ್ಲಿ ಎಲ್ಲ ಎಳೆಗಳ ವೇಗ ಒಂದೇ ಅಲ್ಲ. ದಪ್ಪ ಎಳೆಗಳ ಸುತ್ತ ಮಯಲಿನ್ ಎಂಬ ಕೊಬ್ಬಿನ ಹೊದಿಕೆ ಸುತ್ತಿಕೊಂಡಿರುತ್ತದೆ. ಮಿಲಿಮೀಟರಿಗೊಂದರಂತೆ ಸಣ್ಣ ಸಣ್ಣ ಬಿಡುವುಗಳಿರುತ್ತವೆ, ಸೋಡಿಯಂ ಚಾನೆಲ್‌ಗಳು ಕಿಕ್ಕಿರಿದಿರುವುದು ಆ ಬಿಡುವುಗಳಲ್ಲಿ. ಹಾಗಾಗಿ ಸಂಕೇತ ಹೊಸದಾಗಿ ಹುಟ್ಟುವುದು ಅಲ್ಲಿ ಮಾತ್ರ. ನಡುವಿನ ದಾರಿಯನ್ನು ಅದು ಬಹಳ ಬೇಗ ದಾಟುತ್ತದೆ. ನಮ್ಮಲ್ಲಿ ಒಂದು ಮಿಲಿಮೀಟರಿನ ನೂರರಲ್ಲೊಂದು ಪಾಲಿಗಿಂತ ತೆಳುವಾದ ಎಳೆ, ಸ್ಕ್ವಿಡ್‌ನ ಅರ್ಧ ಮಿಲಿಮೀಟರ್ ಎಳೆಯಷ್ಟೇ ವೇಗವಾಗಿ ಕೆಲಸ ಮಾಡುವುದು ಈ ಹೊದಿಕೆಯಿಂದ. ತುಂಬ ದಪ್ಪದವು ಸೆಕೆಂಡಿಗೆ 100 ಮೀಟರನ್ನೂ ಮೀರುತ್ತವೆ.

ಬೆರಳು ಬಡಿದ ಸ್ಪರ್ಶದ ಸುದ್ದಿ ಹೊರುವುದು ದಪ್ಪ ಎಳೆಗಳು, ಅದು ಸೆಕೆಂಡಿನ ನೂರರಲ್ಲಿ ಮೂರ್ನಾಲ್ಕು ಪಾಲಿನೊಳಗೆ ಮಿದುಳಿಗೆ ಮುಟ್ಟುತ್ತದೆ. ಚುಚ್ಚಿದಂಥ ಮೊದಲ ನೋವು ಬರುವುದು ತೆಳು ಹೊದಿಕೆಯ ಎಳೆಗಳಲ್ಲಿ, ಸೆಕೆಂಡಿಗೆ 5ರಿಂದ 30 ಮೀಟರ್. ಆಮೇಲೆ ಬರುವ, ಹಲ್ಲು ಕಚ್ಚಿಸುವ ಉರಿನೋವು ಹೊದಿಕೆಯೇ ಇಲ್ಲದ ಸಣ್ಣ ಎಳೆಗಳದ್ದು. ಅವುಗಳ ವೇಗ ಸೆಕೆಂಡಿಗೆ ಸುಮಾರು ಒಂದು ಮೀಟರ್, ನಾವು ನಿಧಾನಕ್ಕೆ ನಡೆಯುವ ವೇಗ. ಪಾದದಿಂದ ಬೆನ್ನುಹುರಿಗೆ ಒಂದು ಮೀಟರ್ ದಾರಿ. ನೀವು ಕಾಯುವ ಆ ಒಂದು ಗಳಿಗೆ ಅದೇ.

ಹಲ್ಲಿನ ಇಂಜೆಕ್ಷನ್‌ನಲ್ಲಿ ಸಾಮಾನ್ಯವಾಗಿ ಇರುವುದು ಲಿಗ್ನೊಕೇಯ್ನ್. ಸ್ವೀಡನ್ನಿನಲ್ಲಿ 1943ರಲ್ಲಿ ತಯಾರಾದ ಔಷಧಿ. ಅದು ಪೊರೆಯನ್ನು ದಾಟಿ ಆಕ್ಸಾನಿನ ಒಳಗೆ ಹೋಗುತ್ತದೆ, ಒಳಗಿನಿಂದ ಸೋಡಿಯಂ ಚಾನೆಲ್‌ಗೆ ಅಡ್ಡ ಕೂರುತ್ತದೆ. ಹಲ್ಲಿನೊಳಗೆ ಸಂಕೇತ ಹುಟ್ಟುವುದು ನಿಂತಿರುವುದಿಲ್ಲ. ಅಲ್ಲಿ ಹುಟ್ಟಿ ಹೊರಟದ್ದು ಔಷಧಿ ಇರುವ ಜಾಗಕ್ಕೆ ಬಂದಾಗ ಮುಂದಿನ ಹೆಜ್ಜೆ ಹುಟ್ಟುವುದಿಲ್ಲ, ಅಲ್ಲೇ ಸಾಯುತ್ತದೆ. ಕೆಳದವಡೆಯ ಆ ನರದ ಕವಲೇ ಮುಂದೆ ತುಟಿಗೆ ಹೋಗುವುದರಿಂದ ತುಟಿಯೂ ಮರಗಟ್ಟಿತು. ನೋವು ಹೊರುವ ಸಣ್ಣ ಎಳೆಗಳು ಬೇಗ ಸೋಲುತ್ತವೆ. ಒತ್ತಡ ಹೊರುವ ದಪ್ಪ ಎಳೆಗಳಲ್ಲಿ ಸಂಕೇತ ಒಂದೆರಡು ಬಿಡುವುಗಳನ್ನು ಹಾರಿ ದಾಟಬಲ್ಲದು, ಸಾಲಾಗಿ ಕೆಲವು ಬಿಡುವುಗಳು ಬಂದ್ ಆದರೆ ಮಾತ್ರ ನಿಲ್ಲುತ್ತದೆ. ಒತ್ತಿದ್ದು ಗೊತ್ತಾಗಿ ನೋವು ಗೊತ್ತಾಗದೇ ಇದ್ದದ್ದು ಅದಕ್ಕೆ. ಕೀವು ತುಂಬಿದ ಹಲ್ಲಿಗೆ ಈ ಇಂಜೆಕ್ಷನ್ ಸರಿಯಾಗಿ ಹತ್ತದಿರುವುದೂ ಇದೆ. ಕೀವಿನ ಜಾಗ ಆಮ್ಲೀಯ, ಅಲ್ಲಿ ಔಷಧಿ ಚಾರ್ಜ್ ಹೊತ್ತುಕೊಂಡುಬಿಡುತ್ತದೆ. ಚಾರ್ಜ್ ಇದ್ದರೆ ಪೊರೆಯ ಕೊಬ್ಬನ್ನು ದಾಟುವುದು ಕಷ್ಟ.

ಸೋಡಿಯಂ ಚಾನೆಲ್‌ಗಳಲ್ಲೇ ಒಂಬತ್ತು ಬಗೆ ಇವೆ. ಅದರಲ್ಲಿ ಒಂದು ಬಗೆ ಹುಟ್ಟಿನಿಂದಲೇ ಕೆಲಸ ಮಾಡದ ಕೆಲವು ಕುಟುಂಬಗಳನ್ನು 2006ರಲ್ಲಿ ಪಾಕಿಸ್ತಾನದಲ್ಲಿ ಗುರುತಿಸಿದರು. ಆ ಮಕ್ಕಳಿಗೆ ಮುಟ್ಟಿದ್ದು ಗೊತ್ತಾಗುತ್ತದೆ, ನೋವು ಏನೆಂದೇ ಗೊತ್ತಿಲ್ಲ. ತುಟಿ, ನಾಲಿಗೆ ಕಚ್ಚಿಕೊಂಡು, ಮೂಳೆ ಮುರಿದುಕೊಂಡು ಕಷ್ಟಪಟ್ಟವರು ಅವರು. ನೋವಿನ ಎಳೆಗಳಲ್ಲಿರುವ ಇನ್ನೊಂದು ಬಗೆಯನ್ನು ಮಾತ್ರ ಮುಚ್ಚುವ ಸುಜೆಟ್ರಿಜಿನ್ ಎಂಬ ಮಾತ್ರೆಗೆ 2025ರ ಜನವರಿಯಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು.

ಆಕ್ಸಾನಿನ ತುದಿಗೆ ಬಂದಾಗ ಕರೆಂಟು ಮುಗಿಯುತ್ತದೆ. ಮುಂದಿನ ಕೋಶಕ್ಕೂ ಇದಕ್ಕೂ ನಡುವೆ ಕಣ್ಣಿಗೆ ಕಾಣದಷ್ಟು ಸಣ್ಣ ಸಂದು, ಅದೇ ಸಿನಾಪ್ಸ್. ಸಂಕೇತ ಬಂದಾಗ ತುದಿಯಲ್ಲಿ ಕ್ಯಾಲ್ಸಿಯಂ ಒಳಗೆ ಬರುತ್ತದೆ, ಸಣ್ಣ ಚೀಲಗಳಲ್ಲಿರುವ ರಾಸಾಯನಿಕ ಸಂದಿಗೆ ಸುರಿಯುತ್ತದೆ, ಎದುರಿನ ಕೋಶದ ಬಾಗಿಲು ತೆರೆಯುತ್ತದೆ. ಸ್ನಾಯುವಿನ ಹತ್ತಿರ ಆ ರಾಸಾಯನಿಕ ಅಸಿಟೈಲ್‌ಕೋಲಿನ್. ನಮ್ಮ ಹಳ್ಳಿಗಳಿಗೆ ಈ ಸಂದಿನ ಪರಿಚಯ ಬೇರೆ ರೀತಿಯಲ್ಲಿದೆ. ನಾಗರಹಾವಿನ ವಿಷ ಎದುರಿನ ಬಾಗಿಲನ್ನೇ ಬಂದ್ ಮಾಡುತ್ತದೆ. ಕಟ್ಟುಹಾವಿನ ವಿಷ ಮುಖ್ಯವಾಗಿ ನರದ ತುದಿಯನ್ನೇ ಹಾಳು ಮಾಡುತ್ತದೆ. ಅದು ರಾತ್ರಿ ನೆಲದ ಮೇಲೆ ಮಲಗಿದವರಿಗೆ ಕಚ್ಚುತ್ತದೆ, ಎಷ್ಟೋ ಸಲ ನೋವೇ ಇರುವುದಿಲ್ಲ. ಬೆಳಿಗ್ಗೆ ರೆಪ್ಪೆ ಇಳಿಬಿದ್ದಿರುತ್ತದೆ, ನುಂಗಲು ಆಗುವುದಿಲ್ಲ, ಉಸಿರು ಸೋಲುತ್ತಾ ಬರುತ್ತದೆ. ನರದಲ್ಲಿ ಸಂಕೇತ ಓಡುತ್ತಲೇ ಇರುತ್ತದೆ, ಸ್ನಾಯುವಿಗೆ ಮುಟ್ಟುವುದಿಲ್ಲ. ಅಂಥವರನ್ನು ಒಂದು ನಿಮಿಷವೂ ತಡಮಾಡದೆ ವೆಂಟಿಲೇಟರ್ ಇರುವ ಆಸ್ಪತ್ರೆಗೆ ಸೇರಿಸಬೇಕು, ಯಂತ್ರದಿಂದ ಉಸಿರಾಟ ನಡೆಸುತ್ತಿದ್ದರೆ ಬದುಕಿಸಬಹುದು. ಹೊಲಕ್ಕೆ ಹೊಡೆಯುವ ಆರ್ಗನೊಫಾಸ್ಫೇಟ್ ಕೀಟನಾಶಕ ಮಾಡುವುದು ಇದರ ಉಲ್ಟಾ. ಅಸಿಟೈಲ್‌ಕೋಲಿನ್ ಅನ್ನು ಒಡೆಯುವ ಎಂಜೈಮನ್ನು ಅದು ಕೆಡಿಸುತ್ತದೆ, ರಾಸಾಯನಿಕ ಸಂದಿನಲ್ಲೇ ಉಳಿದುಹೋಗುತ್ತದೆ. ಜೊಲ್ಲು, ಬೆವರು ಸುರಿಯುತ್ತದೆ, ಸ್ನಾಯು ಅದುರಿ ಅದುರಿ ಸೋಲುತ್ತದೆ.

ಕೊನೆಗೆ ನಿಮ್ಮ ತಾಯಿಯವರ ವಿಷಯ. ಅವರಿಗೆ ಮಾಡಿದ್ದು ನರದ ವೇಗ ಅಳೆಯುವ ಪರೀಕ್ಷೆ ಇರಬೇಕು. ಚರ್ಮದ ಮೇಲಿಂದ ಸಣ್ಣ ಶಾಕ್ ಕೊಟ್ಟು ದೂರದಲ್ಲಿ ಸಂಕೇತವನ್ನು ಹಿಡಿಯುತ್ತಾರೆ. ಕೈಯಲ್ಲಿ ಸೆಕೆಂಡಿಗೆ 50 ಮೀಟರಿಗಿಂತ, ಕಾಲಿನಲ್ಲಿ 40 ಮೀಟರಿಗಿಂತ ಹೆಚ್ಚಿದ್ದರೆ ಸಾಮಾನ್ಯವಾಗಿ ಸರಿ ಅನ್ನುತ್ತಾರೆ. ವೇಗ ತುಂಬ ಕಡಿಮೆಯಾಗಿದ್ದರೆ ಹೊದಿಕೆ ಕೆಟ್ಟಿದೆ, ವೇಗ ಸರಿಯಿದ್ದು ಎಳೆಗಳ ಸಂಕೇತಗಳೆಲ್ಲ ಸೇರಿದ ಮೊತ್ತ ಚಿಕ್ಕದಾಗಿದ್ದರೆ ಎಳೆಗಳೇ ಕಡಿಮೆಯಾಗಿವೆ ಎಂದು ಊಹಿಸುತ್ತಾರೆ. ಪಾದ ತಣ್ಣಗಿದ್ದರೂ ವೇಗ ಇಳಿಯುತ್ತದೆ, ಅದಕ್ಕೇ ಮೊದಲು ಬೆಚ್ಚಗೆ ಮಾಡುತ್ತಾರೆ.

ಆದರೆ ಈ ಪರೀಕ್ಷೆಗೆ ಕಾಣುವುದು ದಪ್ಪ, ವೇಗದ ಎಳೆಗಳು ಮಾತ್ರ. ಉರಿ, ಬಿಸಿ, ತಣ್ಣನೆ ಹೊರುವ ಸಣ್ಣ ಎಳೆಗಳ ಸಂಕೇತ ಅದಕ್ಕೆ ಸಿಗುವುದೇ ಇಲ್ಲ. ಸಕ್ಕರೆ ಕಾಯಿಲೆ ಎಷ್ಟೋ ಜನರಲ್ಲಿ ಮೊದಲು ಕೆಡಿಸುವುದು ಇವನ್ನೇ. ಕೆಟ್ಟ ಎಳೆ ಯಾರೂ ಮುಟ್ಟದೆಯೂ ತಾನಾಗಿ ಸಂಕೇತ ಕಳಿಸತೊಡಗುತ್ತದೆ, ಮಿದುಳಿಗೆ ಅದು ಉರಿಯೇ. ನಿಮ್ಮ ತಾಯಿಯವರ ಉರಿ ನಿಜ. ರಿಪೋರ್ಟ್ ನಾರ್ಮಲ್ ಅಂದ ಮಾತ್ರಕ್ಕೆ ಮನಸ್ಸಿನ ಭ್ರಮೆ ಅಂತ ಯಾರೂ ಅವರಿಗೆ ಹೇಳಬಾರದು.

ಮುಂದಿನ ಸಲ ಹೋದಾಗ ಸಣ್ಣ ನರಗಳ ತೊಂದರೆ ಇರಬಹುದಾ ಅಂತ ಡಾಕ್ಟರನ್ನು ನೇರವಾಗಿ ಕೇಳಿ. ಸೂಜಿಯ ಚುಚ್ಚು, ಬಿಸಿ-ತಣ್ಣನೆ ಗೊತ್ತಾಗುತ್ತದಾ ಅಂತ ಪಾದದಲ್ಲಿ ನೋಡುತ್ತಾರೆ. ಬೇಕಾದರೆ ಹರಡಿನ ಹತ್ತಿರ 3 ಮಿಲಿಮೀಟರಿನಷ್ಟು ಚರ್ಮ ತೆಗೆದು ನರದ ತುದಿಗಳನ್ನು ಎಣಿಸುವ ಪರೀಕ್ಷೆಯೂ ಇದೆ. ಅವರು ಮೆಟ್‌ಫಾರ್ಮಿನ್ ಎಂಬ ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಬಹಳ ವರ್ಷದಿಂದ ತೆಗೆದುಕೊಳ್ಳುತ್ತಿದ್ದರೆ ಬಿ12 ವಿಟಮಿನ್ ನೋಡಿಸಿ. ಆ ಮಾತ್ರೆಯಿಂದ ಬಿ12 ಇಳಿಯಬಹುದು, ಅದರಿಂದಲೂ ನರ ಕೆಡುತ್ತದೆ. ಉರಿಗೆ ಪ್ರಿಗ್ಯಾಬಲಿನ್, ಡ್ಯುಲಾಕ್ಸೆಟಿನ್‌ನಂಥ ಔಷಧಿಗಳಿವೆ. ಪ್ರಿಗ್ಯಾಬಲಿನ್ ಕೆಲಸ ಮಾಡುವುದು ಮೇಲೆ ಹೇಳಿದ ಸಿನಾಪ್ಸ್‌ನಲ್ಲಿ, ಕ್ಯಾಲ್ಸಿಯಂ ಚಾನೆಲ್‌ನ ಮೇಲೆ. ಯಾವುದು, ಎಷ್ಟು ಅನ್ನುವುದನ್ನು ಅವರ ವಯಸ್ಸು, ಕಿಡ್ನಿ ನೋಡಿ ಡಾಕ್ಟರೇ ಹೇಳಬೇಕು. ಸಕ್ಕರೆ ಹಿಡಿತದಲ್ಲಿರಲಿ. ದಿನಾ ರಾತ್ರಿ ಪಾದದ ಅಡಿ, ಬೆರಳ ಸಂದು ನೋಡಿ, ಗಾಯ ಆಗಿದ್ದರೂ ಅವರಿಗೆ ಗೊತ್ತಾಗದಿರಬಹುದು. ಬಿಸಿನೀರಿಗೆ ಅವರು ಕಾಲಿಡುವ ಮೊದಲು ನೀವು ನಿಮ್ಮ ಮೊಣಕೈ ಅದ್ದಿ ನೋಡಿ.